ಚಂಡಮಾರುತದ ಮುನ್ಸೂಚನೆ ಮತ್ತು ನಮ್ಮ ಮನೆಗಳ ಸಿದ್ಧತೆ

(ಶಿವಮೊಗ್ಗ ಮತ್ತು ಭದ್ರಾವತಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಚಂಡಮಾರುತಕ್ಕೆ ಮನೆಯನ್ನು ಸಜ್ಜುಗೊಳಿಸುವುದು ಹೇಗೆಂಬ ವಿಷಯವನ್ನು ನನಗೆ ವಹಿಸಲಾಗಿದೆ. ಘಟ್ಟದ ಈಚೆಗಿರುವ ನಮಗೂ ಸಮುದ್ರದ ಚಂಡಮಾರುತಕ್ಕೂ ಏನು ಸಂಬಂಧವೆಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. 2021ರ ಮೇ ತಿಂಗಳ ಮಧ್ಯಭಾಗದಲ್ಲಿ ಅರಬ್ಬೀ ಸಮುದ್ರದಲ್ಲಿ ಎದ್ದ ತೌಕ್ತೆ ಚಂಡಮಾರುತವು ನಮ್ಮ ಕರಾವಳಿಗೆ ಸಮಾನಾಂತರವಾಗಿ ಸಾಗಿ ಗುಜರಾತಿನಲ್ಲಿ ದಡ ಮುಟ್ಟಿತು. ಆದರೂ ರಾಜ್ಯದ ಬಾಧಿತ ಜಿಲ್ಲೆಗಳ ಪಟ್ಟಿಯಲ್ಲಿ ಶಿವಮೊಗ್ಗದ ಹೆಸರಿತ್ತು. 2024ರ ನವೆಂಬರ್ ಕೊನೆಯಲ್ಲಿ ಪುದುಚೇರಿಯ ಬಳಿ ಭೂಮಿಯನ್ನು ಪ್ರವೇಶಿಸಿದ ಫೆಂಗಲ್, ಬಲ ಕುಂದಿದ ಮೇಲೂ ಕರ್ನಾಟಕವನ್ನು ಹಾದು ಅರಬ್ಬೀ ಸಮುದ್ರದತ್ತ ಸಾಗಿತು. ಅಂಗಳದಲ್ಲಿ ಅಡಿಕೆ ಹರವಿಕೊಂಡು ಕುಳಿತ ಕಾಲವದು.

ಈ ಎರಡು ತಿಂಗಳುಗಳನ್ನು ತಾವು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ಮಲೆನಾಡಿನ ಮನೆಯು ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ತಾನಾಗಿಯೇ ಸಿದ್ಧವಾಗಿರುತ್ತದೆ. ಹಂಚು ಕೈಯಾಡಿಸಿರುತ್ತೇವೆ, ಗಾಳಿ ಹೊಡೆಯುವ ಕಡೆಯ ಗೋಡೆಗೆ ಸೋಗೆಯ ತಟ್ಟಿ ಕಟ್ಟಿರುತ್ತೇವೆ, ಸೌದೆಯನ್ನು ಒಳಗೆ ಸೇರಿಸಿರುತ್ತೇವೆ. ಚಂಡಮಾರುತವಾದರೋ ಈ ಪಂಚಾಂಗವನ್ನು ನೋಡುವುದಿಲ್ಲ. ಅದು ಹೆಚ್ಚಾಗಿ ಬರುವುದು ಮೇ ತಿಂಗಳಲ್ಲಿ, ಇಲ್ಲವೇ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಮೊದಲನೆಯದರಲ್ಲಿ ತಟ್ಟಿ ಇನ್ನೂ ಕಟ್ಟಿರುವುದಿಲ್ಲ, ಎರಡನೆಯದರಲ್ಲಿ ಬಿಚ್ಚಿ ಮುಗಿದಿರುತ್ತದೆ. ಜುಲೈ ತಿಂಗಳಲ್ಲಿ ಜಗ್ಗದ ಮನೆಯೇ ಮೇ ತಿಂಗಳ ಒಂದು ಸಂಜೆಯ ಗಾಳಿಗೆ ಸೂರು ಕಳೆದುಕೊಳ್ಳುವುದು ಈ ಕಾರಣದಿಂದ. ಆದುದರಿಂದ ನಮ್ಮ ಗ್ರಾಮಗಳಲ್ಲಿ ಮುಂಗಾರು ಸಿದ್ಧತೆಯ ಕೆಲಸವನ್ನು ಜೂನ್ ಮೊದಲ ವಾರದಿಂದ ಏಪ್ರಿಲ್ ಕೊನೆಯ ವಾರಕ್ಕೆ ಹಿಂದಕ್ಕೆ ತರಬೇಕೆಂಬುದು ನನ್ನ ಮೊದಲ ವಿನಂತಿ.

ಈಗ ಮೇಲ್ಛಾವಣಿಯ ವಿಷಯ. ನಾನು ಓದಿದ್ದು ಎಂಜಿನಿಯರಿಂಗ್ ಆದ್ದರಿಂದ ಒಂದು ಚಿಕ್ಕ ಲೆಕ್ಕವನ್ನು ತಾವು ಸಹಿಸಿಕೊಳ್ಳಬೇಕು. ಗಾಳಿಯ ಒತ್ತಡವು ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಗಾಳಿಯು ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 17 ಕಿಲೋ ತೂಕಕ್ಕೆ ಸಮನಾದ ಒತ್ತಡ ಹಾಕುತ್ತದೆ. 10 ಅಡಿ ಉದ್ದ, ಮೂರೂವರೆ ಅಡಿ ಅಗಲದ ಒಂದು ತಗಡಿನ ಶೀಟಿಗೆ ಇದನ್ನು ಅನ್ವಯಿಸಿದರೆ 55 ಕಿಲೋ ಆಗುತ್ತದೆ. ಶೀಟಿನ ಸ್ವಂತ ತೂಕ ಹೆಚ್ಚೆಂದರೆ 15 ಕಿಲೋ. ಗಾಳಿಯ ವೇಗ 90 ಕಿ.ಮೀ.ಗೆ ಏರಿದರೆ ಒತ್ತಡವು ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಗುತ್ತದೆ. ಸೂರಿನ ಅಂಚಿನಲ್ಲಿ ಈ ಗಾಳಿ ಕೆಳಗಿನಿಂದ ನುಗ್ಗಿ ಎತ್ತುತ್ತದೆ, ಮೇಲಿನಿಂದ ಹಾಯ್ದು ಹೀರುತ್ತದೆ. ಶೀಟು ಕೆಳಕ್ಕೆ ಕುಸಿಯುವುದಕ್ಕಿಂತ ಮೇಲಕ್ಕೆ ಹಾರುವುದೇ ಹೆಚ್ಚು ಎಂಬುದನ್ನು ತಾವೆಲ್ಲರೂ ಕಂಡಿದ್ದೀರಿ.

ಹೀಗಿರುವಾಗ ಶೀಟಿನ ಮೇಲೆ ಎರಡು ಕಲ್ಲು, ಒಂದು ಹಳೆಯ ಟೈರು ಹೇರಿಟ್ಟು ನೆಮ್ಮದಿಯಿಂದ ಮಲಗುವುದು ಸರಿಯಲ್ಲ. ಲೆಕ್ಕಕ್ಕೆ ಅದು ಸಾಲದು, ಶೀಟು ಎದ್ದರೆ ಅದೇ ಕಲ್ಲು ಮಲಗಿದವರ ಮೇಲೆ ಬೀಳುತ್ತದೆ. ಶೀಟನ್ನು ಕೆಳಗಿನ ಪೈಪಿಗೆ ಕೊಕ್ಕೆಯ ಬೋಲ್ಟಿನಿಂದ ವಾಷರ್ ಹಾಕಿ ಬಿಗಿಯಬೇಕು. ಸೂರಿನ ಅಂಚು ಮತ್ತು ನಾಲ್ಕು ಮೂಲೆಗಳಲ್ಲಿ ಬೋಲ್ಟುಗಳನ್ನು ನಡುಭಾಗಕ್ಕಿಂತ ಇಮ್ಮಡಿಯಾಗಿ ಹಾಕಬೇಕು. ಬಳಿಕ ಆ ಪೈಪನ್ನು ಗೋಡೆಗೋ ಕಂಬಕ್ಕೋ ಕಟ್ಟಬೇಕು. ಈ ಕೊನೆಯ ಕೆಲಸವನ್ನು ಬಹಳ ಮನೆಗಳಲ್ಲಿ ಬಿಟ್ಟಿರುತ್ತಾರೆ, ಆಗ ಶೀಟು ಪೈಪಿನ ಸಮೇತ ಹೋಗುತ್ತದೆ. 1923ರಿಂದ ಕಬ್ಬಿಣ ಕಾಯಿಸಿದ ಭದ್ರಾವತಿಯ ಮಗ್ಗುಲಲ್ಲಿದ್ದುಕೊಂಡು ನಾಲ್ಕು ಕೊಕ್ಕೆಯ ಬೋಲ್ಟಿಗಾಗಿ ನಮ್ಮವರು ಮಳೆ ಬೀಳುವವರೆಗೆ ಕಾಯುವುದೇಕೆಂಬುದು ನನಗಿನ್ನೂ ತಿಳಿದಿಲ್ಲ. ಹಂಚಿನ ಮನೆಯಲ್ಲಾದರೆ ಸೂರಿನ ಮೊದಲ ಎರಡು ಸಾಲು ಹಂಚನ್ನು ರೀಪಿಗೆ ತಂತಿಯಿಂದ ಕಟ್ಟಿದರೂ ಬಹುಪಾಲು ರಕ್ಷಣೆ ದೊರೆಯುತ್ತದೆ. ಮನೆಯ ಮೇಲೆ ಬಾಗಿದ ಮರದ ಕೊಂಬೆಗಳ ವಿಚಾರವನ್ನು ಅರಣ್ಯ ಇಲಾಖೆಯೊಡನೆ ಏಪ್ರಿಲ್‌ನಲ್ಲಿಯೇ ಇತ್ಯರ್ಥಪಡಿಸಿಕೊಳ್ಳಬೇಕು. 1976ರ ವೃಕ್ಷ ಸಂರಕ್ಷಣಾ ಅಧಿನಿಯಮದ ಅನುಮತಿ ಬೇಕಾಗುವ ಮರಗಳ ಪಟ್ಟಿಯನ್ನು ಪಂಚಾಯಿತಿಯೇ ಒಟ್ಟಾಗಿ ಸಲ್ಲಿಸಿದರೆ ಬಡವರ ಓಡಾಟ ತಪ್ಪುತ್ತದೆ.

ಗೋಡೆಯ ಬಗ್ಗೆ ಕಡಿಮೆ ಮಾತು ಕೇಳಿಬರುತ್ತದೆ. ಆದರೆ ನಮ್ಮ ತಾಲ್ಲೂಕುಗಳಲ್ಲಿ ಜೀವಹಾನಿಯ ಅಪಾಯ ಹೆಚ್ಚಿರುವುದು ಅಲ್ಲಿಯೇ. 24 ಗಂಟೆಗಳಲ್ಲಿ 204.4 ಮಿ.ಮೀ.ಗಿಂತ ಹೆಚ್ಚು ಮಳೆಯಾದರೆ ಹವಾಮಾನ ಇಲಾಖೆಯು ಅದನ್ನು ಅತ್ಯಂತ ಭಾರಿ ಮಳೆಯೆಂದು ಕರೆಯುತ್ತದೆ. ಸಾವಿರ ಚದರ ಅಡಿ ಮಾಡಿನ ಮನೆಯ ಮೇಲೆ ಅಷ್ಟು ಮಳೆ ಬಿದ್ದರೆ ಸುಮಾರು 19,000 ಲೀಟರ್ ನೀರು, ಅಂದರೆ 5,000 ಲೀಟರಿನ ಹೆಚ್ಚುಕಡಿಮೆ ನಾಲ್ಕು ಟ್ಯಾಂಕರ್. ಅಷ್ಟೂ ನೀರು ಸೂರಿನಿಂದ ಇಳಿಯುವುದು ಗೋಡೆಯ ಬುಡಕ್ಕೆ. ಹಸಿ ಇಟ್ಟಿಗೆಯ ಗೋಡೆಯು ಒಣಗಿರುವಾಗ ಎಷ್ಟು ಗಟ್ಟಿಯೋ ಬುಡ ನೆನೆದಾಗ ಅಷ್ಟೇ ದುರ್ಬಲ. ಸೂರಿನ ಕೆಳಗೆ ಅಡಿಕೆ ಮರದ ದೋಣಿಯನ್ನೋ ಸೀಳಿದ ಪೈಪನ್ನೋ ಕಟ್ಟಿ ನೀರನ್ನು ದೂರಕ್ಕೆ ಹಾಯಿಸುವುದು, ಬುಡದ ಸುತ್ತ ಹೊರಕ್ಕೆ ಇಳಿಜಾರಾಗುವಂತೆ ಮಣ್ಣು ಕಟ್ಟುವುದು, ಹಿತ್ತಿಲ ಚರಂಡಿ ಬಿಡಿಸುವುದು, ಇಷ್ಟನ್ನು ಒಂದು ಕುಟುಂಬ ಎರಡು ದಿನಗಳಲ್ಲಿ ಮಾಡಿ ಮುಗಿಸಬಹುದು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನೀರು ಬರುತ್ತದೆಂದು ತಿಳಿದೊಡನೆ ಭತ್ತದ ಚೀಲ, ಅಡಿಕೆ ಮೂಟೆಗಳನ್ನು ಅಟ್ಟಕ್ಕೇರಿಸುವುದು ನಮ್ಮ ರೂಢಿ. ಅಟ್ಟದ ಭಾರವನ್ನು ಹೊರುವುದು ಅದೇ ಮಣ್ಣಿನ ಗೋಡೆ. ಬುಡ ನೆನೆಯುತ್ತಿರುವ ಗೋಡೆಯ ತಲೆಯ ಮೇಲೆ ಹತ್ತು ಕ್ವಿಂಟಾಲ್ ಹೇರಿ, ಅದರ ಕೆಳಗೆ ಮಕ್ಕಳನ್ನು ಮಲಗಿಸುವುದು ಎಂಥ ಕೆಲಸವೆಂದು ತಾವೇ ಯೋಚಿಸಿ. ಮಣ್ಣಿನ ಗೋಡೆಯ ಮನೆಯಲ್ಲಿ ಮೂಟೆಗಳು ಅಟ್ಟಕ್ಕಲ್ಲ, ಊರ ಎತ್ತರದ ಕಟ್ಟಡಕ್ಕೆ ಹೋಗಬೇಕು. ಸಮುದಾಯ ಭವನದ ಒಂದು ಕೋಣೆಯನ್ನು ಅದಕ್ಕಾಗಿಯೇ ತೆರವು ಮಾಡಿಕೊಡಲು ಪಂಚಾಯಿತಿಗೆ ಹೆಚ್ಚಿನ ವೆಚ್ಚವೇನೂ ತಗಲುವುದಿಲ್ಲ.

ಮೂರನೆಯದು ಹೊಳೆ. ತುಂಗೆ, ಭದ್ರೆಯರೆರಡೂ ಗಂಗಾಮೂಲದಲ್ಲಿ ಹುಟ್ಟಿ ಕೂಡ್ಲಿಯಲ್ಲಿ ಸೇರುತ್ತವೆ. ಆದರೆ ನಮ್ಮ ಎರಡು ಊರುಗಳಿಗೆ ಅವು ನೀಡುವ ಕಾಲಾವಕಾಶ ಒಂದೇ ತೆರನಾದುದಲ್ಲ. ಗಾಜನೂರಿನ ತುಂಗಾ ಜಲಾಶಯದ ಸಾಮರ್ಥ್ಯ 3.24 ಟಿಎಂಸಿ ಮಾತ್ರ. ಒಂದು ಲಕ್ಷ ಕ್ಯೂಸೆಕ್ ಒಳಹರಿವಿದ್ದರೆ ಬರಿದಾದ ಜಲಾಶಯವೂ 9 ಗಂಟೆಗಳಲ್ಲಿ ತುಂಬಿ ಹೋಗುತ್ತದೆ. ಮಳೆಗಾಲದಲ್ಲಿ ಅದು ಹೇಗೂ ತುಂಬಿಯೇ ಇರುವುದರಿಂದ ಶೃಂಗೇರಿ, ತೀರ್ಥಹಳ್ಳಿಯ ಮಳೆಯು ಶಿವಮೊಗ್ಗಕ್ಕೆ ತಡೆಯಿಲ್ಲದೆ ಇಳಿದು ಬರುತ್ತದೆ. 2019ರ ಆಗಸ್ಟ್‌ನಲ್ಲಿ, ಆಶ್ಲೇಷ ಮಳೆಯ ಹೊತ್ತಿಗೆ, ಕುಂಬಾರಗುಂಡಿ, ರಾಜೀವ್‌ಗಾಂಧಿ ಬಡಾವಣೆ ಮುಂತಾದ ಕಡೆ ಮನೆಯೊಳಗೆ ನೀರು ನಿಂತದ್ದು ಹೀಗೆ. ಲಕ್ಕವಳ್ಳಿಯ ಭದ್ರಾ ಜಲಾಶಯವಾದರೋ 71.5 ಟಿಎಂಸಿಯದು. ಅದೇ ಒಂದು ಲಕ್ಷ ಕ್ಯೂಸೆಕ್ ಅದನ್ನು ತುಂಬಲು ಎಂಟು ದಿನ ಬೇಕು. ಆದುದರಿಂದ ಭದ್ರಾವತಿಯ ಜನ ಹಲವು ವರ್ಷ ನಿರಾಳವಾಗಿರುತ್ತಾರೆ. ಮಟ್ಟವು 186 ಅಡಿಯ ಹತ್ತಿರ ಬಂದ ಮೇಲೆ ಮಾತ್ರ ಆ ನಿರಾಳಕ್ಕೆ ಆಧಾರವಿಲ್ಲ. ಒಳಗೆ ಬಂದಷ್ಟನ್ನೂ ಹೊರಗೆ ಬಿಡಬೇಕಾಗುತ್ತದೆ, ಕವಲಗುಂದಿಯವರು ಮತ್ತೆ ಗಂಟು ಕಟ್ಟಬೇಕಾಗುತ್ತದೆ.

ನೀರು ಬಿಡುವ ಮುನ್ನ ನೀರಾವರಿ ನಿಗಮವು ಎಚ್ಚರಿಕೆ ನೀಡುತ್ತದೆ. ಅದು ನಮ್ಮ ವಾಟ್ಸ್ಆ್ಯಪ್ ಗುಂಪುಗಳಿಗೂ ಬರುತ್ತದೆ. ಆದರೆ ಹೊಳೆ ದಂಡೆಯ ಮನೆಯ ಅಜ್ಜಿಗೆ ಕ್ಯೂಸೆಕ್ ಎಂದರೆ ಏನೂ ತೋಚುವುದಿಲ್ಲ, ತೋಚಬೇಕಾಗಿಯೂ ಇಲ್ಲ. ನೀರು ತನ್ನ ಮನೆಯ ಎಷ್ಟನೆಯ ಮೆಟ್ಟಿಲಿಗೆ ಬರುತ್ತದೆಂದು ಅವರಿಗೆ ತಿಳಿದರೆ ಸಾಕು. ಶಿವಮೊಗ್ಗ ನಗರದವರಿಗೆ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪವಿದೆ. ಅದು ಮುಳುಗಿತೆಂದರೆ ಹೊಳೆ ಎಷ್ಟಿದೆಯೆಂದು ಯಾರೂ ವಿವರಿಸಬೇಕಿಲ್ಲ. ನಮ್ಮ ಪ್ರತಿ ದಂಡೆಯ ಊರಿಗೂ ಅಂಥದೊಂದು ಗುರುತು ಬೇಕು. ಶಾಲೆಯ ಗೋಡೆಯ ಮೇಲೋ ಕಲ್ಲಿನ ಕಂಬದ ಮೇಲೋ 2019ರ ನೀರಿನ ಮಟ್ಟವನ್ನು ಬಣ್ಣದಿಂದ ಗುರುತಿಸಿ. ಈ ಬಾರಿ ನೀರು ಬಿಟ್ಟಾಗಲೆಲ್ಲ ಎಷ್ಟು ಕ್ಯೂಸೆಕ್‌ಗೆ ನೀರು ಎಲ್ಲಿಗೆ ಬಂತೆಂದು ಅದೇ ಕಂಬದಲ್ಲಿ ಗೆರೆ ಎಳೆಯಿಸಿ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತಮ್ಮ ವಾರ್ಡಿನ ಯಾವ ಮನೆಗೆ ಯಾವಾಗ ಹೇಳಬೇಕೆಂಬುದು ಬಾಯಿಪಾಠವಾಗಿರುತ್ತದೆ.

ಹೇಳಿದರೂ ಅವರು ಹೊರಡುವುದಿಲ್ಲ ಎಂಬುದು ತಮ್ಮಲ್ಲಿ ಅನೇಕರ ಅನುಭವ. ಅದು ಹಟವಲ್ಲ. ನಾನು ಕಂಡಂತೆ ಜನರನ್ನು ಹಿಡಿದಿಡುವುದು ಎರಡು ಸಂಗತಿಗಳು, ಕೊಟ್ಟಿಗೆಯ ದನ ಮತ್ತು ಮನೆಯ ಕಾಗದಪತ್ರ. ದನಗಳನ್ನು ಎಲ್ಲಿ ಕಟ್ಟುವುದು, ಮೇವು ಯಾರು ಕೊಡುವುದು ಎಂಬುದಕ್ಕೆ ಉತ್ತರವಿಲ್ಲದ ಕಾಳಜಿ ಕೇಂದ್ರಕ್ಕೆ ಯಾವ ರೈತನೂ ಬರಲಾರ. ಎತ್ತರದ ಜಾಗವೊಂದನ್ನು ಮೊದಲೇ ಗೊತ್ತುಪಡಿಸಿ. ಸಾಗಿಸಲು ಸಮಯವಿಲ್ಲದೆ ಹೋದರೆ ಕಣ್ಣಿ ಬಿಚ್ಚಿಯೇ ಹೊರಡಬೇಕೆಂದು ಮನೆಮನೆಗೆ ತಿಳಿಸಿ. ಕಟ್ಟಿದ ದನ ಈಜಲಾರದು.

ಕಾಗದಪತ್ರಗಳ ವಿಷಯದಲ್ಲಿ ನಮ್ಮ ಕಚೇರಿಯ ಪಾತ್ರ ದೊಡ್ಡದು. ಪಡಿತರ ಚೀಟಿ, ಆಧಾರ್, ಪಾಸ್‌ಬುಕ್, ಪಹಣಿ, ಮನೆಯ ನಮೂನೆ 9 ಮತ್ತು 11, ಇವಿಷ್ಟನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದರೆ ಹೊರಡುವಾಗ ಕೈಗೆ ಸಿಗುತ್ತದೆ. ಜೊತೆಗೆ, ಮನೆ ನೆಟ್ಟಗಿರುವಾಗಲೇ ನಾಲ್ಕು ದಿಕ್ಕಿನಿಂದಲೂ ಒಳಗಿನಿಂದಲೂ ಫೋಟೊ ತೆಗೆದಿಡಬೇಕು. ಮನೆ ಹಾನಿಯ ಪರಿಹಾರಕ್ಕೆ ಹಾನಿಯು ಕನಿಷ್ಠ ಶೇ. 15ರಷ್ಟಾದರೂ ಇರಬೇಕು. 2019ರಲ್ಲಿ ಹಾನಿಯ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವರ್ಗ ಮಾಡಿದ್ದು ತಮಗೆ ನೆನಪಿರಬಹುದು. ಜಂಟಿ ಸಮೀಕ್ಷೆಗೆ ಹೋದವರಿಗೆ ಕಾಣುವುದು ಮಣ್ಣಿನ ಗುಡ್ಡೆ ಮಾತ್ರ. ಅಲ್ಲಿ ಮೊದಲು ಏನಿತ್ತೆಂಬುದಕ್ಕೆ ಸಾಕ್ಷಿ ಬೇಕು. ಮೊಬೈಲಿಲ್ಲದ ಮನೆಗಳಿಗೆ ವಾರ್ಡಿನ ಸದಸ್ಯರೇ ಹೋಗಿ ಚಿತ್ರ ತೆಗೆದು ಪಂಚಾಯಿತಿಯ ಕಂಪ್ಯೂಟರಿನಲ್ಲಿ ಇರಿಸಬಹುದು.

ಸ್ವತ್ತಿನ ದಾಖಲೆಯೇ ಇಲ್ಲದ ಮನೆಗಳಿವೆ. ತಗ್ಗಿನಲ್ಲಿ, ಹೊಳೆಯ ಅಂಚಿನಲ್ಲಿ ಕಟ್ಟಿಕೊಂಡವರು ಅವರೇ. ಬೇರೆಲ್ಲೂ ಜಾಗ ಸಿಗದೆ ಅಲ್ಲಿಗೆ ಹೋದವರು. ಅಂಥ ಮನೆಗಳು ಪಟ್ಟಿಯಿಂದ ಹೊರಗುಳಿಯುವುದು ಸುಲಭ. ಎಚ್ಚರಿಕೆ ಕೊಡುವ ಪಟ್ಟಿಯಲ್ಲಾದರೂ ಅವು ಮೊದಲ ಸಾಲಿನಲ್ಲಿರಬೇಕು. ಆ ಪಟ್ಟಿಗೆ ನಮೂನೆ 9 ಬೇಕಾಗಿಲ್ಲ.

ಮನೆ ಬಿಡುವ ಗಳಿಗೆಯಲ್ಲಿ ಮೇನ್ ಸ್ವಿಚ್ ಆರಿಸಬೇಕು, ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ ಅದನ್ನು ಕಂಬಕ್ಕೆ ಕಟ್ಟಬೇಕು. ಸಿಲಿಂಡರ್ ನೀರಿನಲ್ಲಿ ತೇಲುತ್ತದೆ. ಹರಿಯುವ ನೀರು ಮೊಣಕಾಲಿಗೆ ಬಂದಿದ್ದರೆ ದಾಟಲು ಹೋಗಬಾರದು. ತಂತಿ ಹರಿದು ಬಿದ್ದಿದ್ದರೆ 1912ಕ್ಕೆ, ಉಳಿದದ್ದಕ್ಕೆ ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಅಥವಾ 112ಕ್ಕೆ ಕರೆ ಮಾಡಬೇಕು.

ನೀರು ಇಳಿದ ಮರುದಿನದ ಬಗ್ಗೆ ಎರಡು ಮಾತು. ಮಣ್ಣಿನ ಗೋಡೆಗಳು ನೀರಿನ ನಡುವೆ ನಿಂತಿದ್ದು, ಇಳಿದ ಮೇಲೆ ಬೀಳುವುದುಂಟು. ಬಿಸಿಲು ಬಂದಿತೆಂದು ಕುಟುಂಬವನ್ನು ಆ ರಾತ್ರಿಯೇ ಒಳಗೆ ಮಲಗಲು ಬಿಡಬೇಡಿ. ಬಿರುಕು, ಉಬ್ಬು, ವಾಲಿಕೆಗಳನ್ನು ನಮ್ಮ ಎಂಜಿನಿಯರು ನೋಡಲಿ. ನೆನೆದ ವೈರಿಂಗನ್ನು ತಿಳಿದವರು ಪರೀಕ್ಷಿಸುವವರೆಗೆ ಸ್ವಿಚ್ ಹಾಕಬಾರದು. ಬಾವಿಗೆ ಸಾಮಾನ್ಯ ದಿನಗಳಲ್ಲಿ ಸಾವಿರ ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್ ಹಾಕುತ್ತೇವೆ, ನೆರೆಯ ಬಳಿಕ ಅದರ ಇಮ್ಮಡಿ ಹಾಕಬೇಕು. 2 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 63 ಗ್ರಾಂ ಆಗುತ್ತದೆ. ಒಂದು ಗಂಟೆ ಬಿಟ್ಟು, ಕುಡಿಯುವ ನೀರನ್ನು ಕುದಿಸಿಯೇ ಬಳಸಬೇಕು.

ಸದಸ್ಯರು ತಮ್ಮ ವಾರ್ಡಿನ ಹೊಳೆ ದಂಡೆಯ ಮನೆಗಳು, ಮಣ್ಣಿನ ಗೋಡೆಯ ಮನೆಗಳು, ಒಂಟಿ ವೃದ್ಧರು, ಬಾಣಂತಿಯರು ಮತ್ತು ನಡೆಯಲಾರದವರಿರುವ ಮನೆಗಳ ಪಟ್ಟಿಯನ್ನು ಆಶಾ ಹಾಗೂ ಅಂಗನವಾಡಿ ಕಾರ್ಯಕರ್ತೆಯರೊಡನೆ ಕುಳಿತು ಸಿದ್ಧಪಡಿಸಿ, ಏಪ್ರಿಲ್ ತಿಂಗಳ ಸಾಮಾನ್ಯ ಸಭೆಗೆ ತರಬೇಕೆಂದು ಕೋರುತ್ತೇನೆ. ಪಟ್ಟಿಯ ಒಂದು ಪ್ರತಿ ಕಚೇರಿಯ ಗೋಡೆಯ ಮೇಲಿರಲಿ, ಇನ್ನೊಂದು ತಮ್ಮ ಜೇಬಿನಲ್ಲಿರಲಿ. ಗಾಳಿಮಳೆಯ ರಾತ್ರಿಯಲ್ಲಿ ಕರೆಂಟ್ ಹೋಗಿ ಮೊಬೈಲ್ ಟವರ್ ಕೈಕೊಟ್ಟಾಗ ಕೆಲಸಕ್ಕೆ ಬರುವುದು ಆ ಜೇಬಿನ ಪ್ರತಿ.