ಲಂಡನ್ನಿನ ಅಳತೆ, ನಮ್ಮ ಮೈ
(ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ. ಮ್ಯಾಟ್ರಿಕ್ಕಿನವರೆಗೆ ಓದಿ ಗಿರಣಿಯಲ್ಲಿ ಹಾಜರಿ ಪಟ್ಟಿ ಬರೆಯುವ ಗುಮಾಸ್ತ. ಸಂಜೆ ಈ ವಾಚನಾಲಯದ ಬೀಗ ತೆಗೆಯುವವ. ಹೆಂಗಸರ ಬೇನೆಯ ವಿಷಯವನ್ನು ಗಂಡಸು ಸಭೆಯಲ್ಲಿ ಎತ್ತಬಹುದೇ ಎಂದು ಸಮಿತಿಯಲ್ಲಿ ಒಬ್ಬಿಬ್ಬರು ಕೇಳಿದರು. ಬೇರೆ ಯಾರೂ ಎತ್ತಲಿಲ್ಲವಾದ್ದರಿಂದ ನಾನು ಎತ್ತಿದ್ದೇನೆ. ಕಾರಣ ನನ್ನ ಮನೆಯಲ್ಲಿಯೇ ಇದೆ.

ನನ್ನ ತಂಗಿಗೆ ಮುಟ್ಟು ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಆಗುತ್ತಿತ್ತು. ಮದುವೆಯಾದರೆ ಸರಿಹೋದೀತು ಎಂದರು ಊರಿನಲ್ಲಿ. ಮದುವೆಯಾಯಿತು, ಸರಿಹೋಗಲಿಲ್ಲ. ಇಲ್ಲಿಯ ಒಂದು ದವಾಖಾನೆಗೆ ಕರೆದೊಯ್ದೆವು. ‘ತೆಳ್ಳಗಿದ್ದಾಳೆ, ಮುಖದ ಮೇಲೆ ಕೂದಲಿಲ್ಲ, ಆ ಬೇನೆ ಇರಲಾರದು’ ಎಂದು ಟಾನಿಕ್ಕು ಬರೆದುಕೊಟ್ಟು ಕಳಿಸಿದರು. ಕೂದಲು ಇರಲಿಲ್ಲವೆಂಬದು ನಿಜ. ಡಾಕ್ಟರರ ಎದುರು ನಾಚಿಕೆಯಾದೀತೆಂದು ಹಿಂದಿನ ದಿನವೇ ದಾರದಿಂದ ತೆಗೆಸಿಕೊಂಡಿದ್ದಳು! ನಾಲ್ಕು ವರ್ಷದ ಮೇಲೆ ಬೇರೊಬ್ಬ ಡಾಕ್ಟರಮ್ಮ, ‘ಕೂದಲು ತೆಗೆಸುತ್ತೀಯೇನಮ್ಮ?’ ಎಂದು ಕೇಳಿದರು. ಆ ಒಂದು ಪ್ರಶ್ನೆಯಿಂದ ಬೇನೆ ಗೊತ್ತಾಯಿತು. ಅಷ್ಟರಲ್ಲಿ ರಕ್ತದ ಸಕ್ಕರೆಯೂ ಏರಿತ್ತು.

ಈ ಬೇನೆಗೆ ಪಿ.ಸಿ.ಓ.ಎಸ್. ಎನ್ನುತ್ತಾರೆ. 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಜನ ಸ್ತ್ರೀಯರ ವೃತ್ತಾಂತ ಬರೆದು ಇದನ್ನು ಬೆಳಕಿಗೆ ತಂದರು. ಹೆಸರಿನಲ್ಲಿ ಅಂಡಾಶಯದ ಗುಳ್ಳೆ ಎಂದಿದ್ದರೂ ಅವು ಪೂರ್ತಿ ಬೆಳೆಯದೆ ನಿಂತ ಅಂಡಕೋಶಗಳು, ಗಂಟುಗಳಲ್ಲ; ಹೆಸರು ಕೇಳಿ ಆಪರೇಶನ್ ಎಂದು ಅಂಜಬೇಕಾಗಿಲ್ಲ. ನೂರು ಸ್ತ್ರೀಯರಲ್ಲಿ ಸುಮಾರು ಹತ್ತು ಜನರಿಗೆ ಇದಿದೆ, ಅವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಗುರುತಿಸುವದು ಹೇಗೆ? 2003ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ ತಜ್ಞರು ಕೂಡಿ ಮೂರು ಲಕ್ಷಣ ಗೊತ್ತುಮಾಡಿದರು: ಮುಟ್ಟು ಏರುಪೇರಾಗುವದು, ಗಂಡಸರ ಹಾರ್ಮೋನು ಹೆಚ್ಚಿ ಕೂದಲು-ಮೊಡವೆ ಬರುವದು, ಸ್ಕ್ಯಾನಿನಲ್ಲಿ ಅಂಡಾಶಯ ಬೇರೆ ತರಹ ಕಾಣುವದು. ಥೈರಾಯ್ಡ್ ಮೊದಲಾದ ಬೇರೆ ಕಾರಣಗಳಿಲ್ಲವೆಂದು ನೋಡಿಕೊಂಡು, ಮೂರರಲ್ಲಿ ಎರಡಿದ್ದರೆ ಸಾಕು. ಕೇಳಲು ಸುಲಭ. ತೊಡಕು ಇರುವದು ಅಳತೆಯಲ್ಲಿ.

ಕೂದಲಿನ ಅಳತೆಯನ್ನೇ ನೋಡಿರಿ. 1961ರಲ್ಲಿ ಲಂಡನ್ನಿನ ಫೆರಿಮನ್ ಮತ್ತು ಗಾಲ್ವೇ ಎಂಬವರು ಇದಕ್ಕೆ ಅಂಕ ಹಾಕುವ ಪದ್ಧತಿ ತಂದರು. ಈಗ ಮೈಯ ಒಂಬತ್ತು ಕಡೆ ನೋಡಿ, ಒಂದೊಂದಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುತ್ತಾರೆ. ಎಂಟು ಬಂದರೆ ಹೆಚ್ಚು ಎಂದು ಬಹುಕಾಲ ನಡೆದುಬಂತು. ಆದರೆ ಚೀನ, ಜಪಾನುಗಳ ಸ್ತ್ರೀಯರಿಗೆ ಹಾರ್ಮೋನು ಏರಿದರೂ ಕೂದಲು ಹೆಚ್ಚಾಗಿ ಬರುವದಿಲ್ಲ. ಅವರಲ್ಲಿ ಹೆಚ್ಚಿನವರು ಎಂಟು ಮುಟ್ಟುವದೇ ಇಲ್ಲ. ನಮ್ಮವರಲ್ಲಿ ಕೂದಲು ಬರುತ್ತದೆ, ಆದರೆ ತೆಗೆಸಿಕೊಂಡು ಬಂದರೆ ಅಂಕ ಸೊನ್ನೆ! ನಮ್ಮ ಗಿರಣಿಯಲ್ಲಿ ಹರಿದ ಥಾನನ್ನು ಮಡಿಸಿಟ್ಟು ಪಾಸು ಮಾಡಿಸಿದಂತೆ. 2018ರ ಅಂತರರಾಷ್ಟ್ರೀಯ ಸೂಚಿ ಈ ಗೆರೆಯನ್ನು ಜನಾಂಗಕ್ಕೆ ತಕ್ಕಂತೆ ನಾಲ್ಕರಿಂದ ಆರಕ್ಕೆ ಇಳಿಸಿತು.

ತೂಕದ ಮಾತೂ ಹೀಗೆಯೇ. ಎತ್ತರಕ್ಕೆ ತಕ್ಕ ತೂಕದ ಸಂಖ್ಯೆ 25 ದಾಟಿದರೆ ಸ್ಥೂಲವೆಂಬದು ಯುರೋಪಿನವರಿಗೆ. ನಮ್ಮಂಥ ಏಶಿಯದವರಿಗೆ 23ರಿಂದಲೇ ಎಚ್ಚರಿಕೆ ಬೇಕು. ಕೈಕಾಲು ತೆಳ್ಳಗಿದ್ದು ಹೊಟ್ಟೆಯಲ್ಲಿ ಕೊಬ್ಬು ಕೂಡುವ ಮೈ ನಮ್ಮದು. ಈ ಬೇನೆಯವರು ತೆಳ್ಳಗಿರಲಿ ದಪ್ಪಗಿರಲಿ, ಸಕ್ಕರೆಯ ಪರೀಕ್ಷೆ ಮಾಡಿಸಬೇಕೆಂದು 2023ರ ಸೂಚಿ ಹೇಳುತ್ತದೆ; ಗ್ಲುಕೋಸ್ ಕುಡಿಸಿ ಎರಡು ತಾಸಿಗೆ ನೋಡುವದೇ ಹೆಚ್ಚು ನಿಖರವಾದದ್ದು.

ಇನ್ನು ಸ್ಕ್ಯಾನು. ಮುಟ್ಟಿನ ಏರುಪೇರು, ಕೂದಲು ಎರಡೂ ಇದ್ದರೆ ಸ್ಕ್ಯಾನು ಬೇಕಾಗಿಯೇ ಇಲ್ಲ. ನಮ್ಮ ಪಗಾರದವರಿಗೆ ಇದು ಸಣ್ಣ ಮಾತಲ್ಲ. ಹುಡುಗಿಯರಿಗಂತೂ ಮೈನೆರೆದು ಎಂಟು ವರ್ಷ ಆಗುವವರೆಗೆ ಸ್ಕ್ಯಾನು ನೋಡಿ ಈ ಬೇನೆಯೆನ್ನಬಾರದು. ಆ ವಯಸ್ಸಿನಲ್ಲಿ ಅಂಡಾಶಯ ಹಾಗೆ ಕಾಣುವದು ಸಹಜ. ದೊಡ್ಡವರಿಗೆ ಸ್ಕ್ಯಾನಿನ ಬದಲು ಎ.ಎಂ.ಎಚ್. ಎಂಬ ರಕ್ತಪರೀಕ್ಷೆ ಸಾಲುತ್ತದೆಂದು 2023ರಲ್ಲಿ ಒಪ್ಪಿದ್ದಾರೆ. ಆದರೆ ಅದರಲ್ಲಿಯೂ ಎಲ್ಲ ಜನರಿಗೆ ಒಂದೇ ಗೆರೆ ಸಿಕ್ಕಿಲ್ಲ.

ನಮ್ಮಲ್ಲಿ ಇನ್ನೊಂದು ತೊಂದರೆಯಿದೆ, ಯಾವ ಸೂಚಿಯೂ ಅದನ್ನು ಅಳೆಯುವದಿಲ್ಲ. ನಮ್ಮ ಹೆಂಗಸರಿಗೆ ಮರಾಠಿ, ಹಿಂದಿ ಸರಿಯಾಗಿ ಬಾರದು. ದವಾಖಾನೆಯಲ್ಲಿ ಅವರ ಪರವಾಗಿ ನಾವು ಗಂಡಸರು ಮಾತಾಡುತ್ತೇವೆ, ಹೇಳಬೇಕಾದ್ದನ್ನೇ ನುಂಗುತ್ತೇವೆ. ಅಂದು ತಂಗಿಯ ಪರವಾಗಿ ಮಾತಾಡಿದವನು ನಾನೇ. ‘ಅಶಕ್ತತೆ ಇದೆ’ ಎಂದಷ್ಟೇ ಹೇಳಿದೆ.

ಆದ್ದರಿಂದ ಒಂದು ಹಾಳೆ ಬರೆದಿದ್ದೇನೆ. ಮುಟ್ಟಾದ ದಿನಗಳು, 35 ದಿನ ದಾಟಿತೇ, ಕೂದಲು ತೆಗೆಸುವದುಂಟೇ, ತಾಯಿತಂದೆಗೆ ಸಕ್ಕರೆ ಬೇನೆಯುಂಟೇ: ಇವನ್ನು ಎಡಕ್ಕೆ ಕನ್ನಡದಲ್ಲಿ, ಬಲಕ್ಕೆ ಮರಾಠಿಯಲ್ಲಿ ಬರೆದಿದೆ. ತುಂಬಿ ಡಾಕ್ಟರರ ಕೈಗೆ ಕೊಟ್ಟರಾಯಿತು. ಬಾಗಿಲ ಬಳಿಯ ಮೇಜಿನ ಮೇಲೆ ಪ್ರತಿಗಳಿವೆ. ಪುಸ್ತಕ ಒಯ್ದವರ ಹೆಸರು ಬರೆದುಕೊಳ್ಳುವದು ನನ್ನ ಕೆಲಸ. ಈ ಹಾಳೆ ಒಯ್ದವರ ಹೆಸರು ಬರೆದುಕೊಳ್ಳುವದಿಲ್ಲ.