ಹೊಲದ ಮನೆಯ ದೀಪ

ಅಕ್ಕಂದಿರೇ, ನಮ್ಮ ಮನೆ ಇರೋದು ಹಿರಿಯೂರು ಸೀಮೆಯ ಹೊಲದಲ್ಲಿ. ಕರೆಂಟಿನ ಕಂಬ ಊರಲ್ಲೇ ನಿಂತಿದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿ ಫ್ಯಾನು ತಿರುಗುತ್ತವೆ. ಆ ಕರೆಂಟು ಎಲ್ಲೆಲ್ಲಿಗೋ ಹೋಗುತ್ತೆ! ನಮಗೆ ಬುಡ್ಡಿ ದೀಪವೇ ಗತಿಯಾಗಿತ್ತು.

ಆಮೇಲೆ ಸೋಲಾರ್ ಹಾಕಿಸಿದೆವು. ಹಗಲು ಬಿಸಿಲಿಗೆ ಬ್ಯಾಟರಿ ತುಂಬುತ್ತೆ. ರಾತ್ರಿ ದೀಪ ಉರಿಯುತ್ತೆ. "ಹೆಂಗಸರು ಮುಟ್ಟಬೇಡಿ, ಶಾಕ್ ಹೊಡೆಯುತ್ತೆ" ಅಂದರು. ನಾವು ಮುಟ್ಟಲಿಲ್ಲ. ಗಂಡಸರೂ ನೋಡಲಿಲ್ಲ. ನೀರು ಬತ್ತಿ ಬ್ಯಾಟರಿ ಕೆಟ್ಟೇ ಹೋಯ್ತು. ಹೊಸದಕ್ಕೆ ಎರಡು ಕುರಿ ಮಾರಿದೆವು.

ಈ ಸಲ ಜೊತೆಗೆ ಬಂದ ಚೀಟಿಯನ್ನು ನಾವೇ ಓದಿದೆವು. 12 ವೋಲ್ಟ್ ಬ್ಯಾಟರಿ ಶಾಕ್ ಹೊಡೆಯೋದಿಲ್ಲ. ಒಳಗಿನ ಆಸಿಡ್ ಮಾತ್ರ ಸುಡುತ್ತೆ, ಹುಷಾರು. ನೀರು ಕೆಳಗಿನ ಗೆರೆಗೆ ಇಳಿಯೋ ಮುಂಚೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಬೋರಿನ ನೀರು ಬೇಡ, ಅದರ ಉಪ್ಪು ಬ್ಯಾಟರಿ ಕೆಡಿಸುತ್ತೆ. ಸೋಲಾರ್ ಹಲಗೆಯ ಧೂಳನ್ನು ಬೆಳಿಗ್ಗೆಯೇ ಒರೆಸುತ್ತೇವೆ.

ನಿನ್ನೆ ರಾತ್ರಿ ಹತ್ತರವರೆಗೂ ನಮ್ಮ ಸೊಸೆ ಓದುತ್ತಾ ಕೂತಿದ್ದಳು. ದೀಪ ಆರಿಸು ಅಂತ ಯಾರೂ ಅನ್ನಲಿಲ್ಲ.