ನೀರಿನ ನಾಡಿ



ಮೀನಿನ ಹೆಜ್ಜೆ ಮೀನೇ ಬಲ್ಲದು ಎಂಬ ಗಾದೆ ನಮ್ಮಲ್ಲಿದೆ. ಮೀನಿನ ನೋವಿನ ವಿಷಯದಲ್ಲಿ ಈ ಮಾತು ಇನ್ನಷ್ಟು ನಿಜ. ಹಸು ನರಳುತ್ತದೆ, ನಾಯಿ ಕುಂಯ್‌ಗುಡುತ್ತದೆ, ಕೋಳಿ ಕೂಡ ರೆಕ್ಕೆ ಇಳಿಬಿಟ್ಟು ಮೂಲೆ ಸೇರುತ್ತದೆ. ಗಾಜಿನ ತೊಟ್ಟಿಯ ಮೀನಿಗೆ ದನಿಯಿಲ್ಲ. ರಾತ್ರಿ ಈಜುತ್ತಿದ್ದುದು ಬೆಳಿಗ್ಗೆ ಹೊಟ್ಟೆ ಮೇಲಾಗಿ ತೇಲುತ್ತಿರುತ್ತದೆ. ಮನೆಯ ಮಗು 'ಯಾಕೆ ತಾತ?' ಎಂದು ಕೇಳುತ್ತದೆ. ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವೇ ಈ ಭಾಷಣ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಮ್ಮ ತೆಂಗಿನ ಸೀಮೆಯಲ್ಲಿ ಮೀನೆಂದರೆ ಕೆರೆಯ ಮೀನು, ಇಲ್ಲವೆ ಬಾವಿಯ ನೀರು ತಿಳಿಯಾಗಿರಲೆಂದು ಹಿರಿಯರು ಬಿಡುತ್ತಿದ್ದ ಮೀನು. ಈಗ ಕೊಬ್ಬರಿ ಮಂಡಿಯ ಗದ್ದುಗೆಯ ಪಕ್ಕದಲ್ಲಿ, ವೈದ್ಯರ ಕೋಣೆಯಲ್ಲಿ, ಸಾಮಾನ್ಯರ ಮನೆಯ ಪಡಸಾಲೆಯಲ್ಲಿ ಕೂಡ ಗಾಜಿನ ತೊಟ್ಟಿಗಳು ಕಾಣಿಸುತ್ತವೆ. ಆದರೆ ಅವುಗಳ ರೋಗವನ್ನು ಬಲ್ಲವರು ವಿರಳ. ನಮ್ಮ ಪ್ರಾಚೀನರು ಪ್ರಾಣಿವೈದ್ಯವನ್ನು ಕಡೆಗಣಿಸಿದವರಲ್ಲ. 12ನೆಯ ಶತಮಾನದಲ್ಲಿ ಚಾಳುಕ್ಯ ವಂಶದ ಕೀರ್ತಿವರ್ಮ 'ಗೋವೈದ್ಯ'ವನ್ನು ಕನ್ನಡದಲ್ಲಿಯೇ ಬರೆದ. ಅದೇ ವಂಶದ ಮೂರನೆಯ ಸೋಮೇಶ್ವರ ತನ್ನ ಸಂಸ್ಕೃತ ಗ್ರಂಥವಾದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟ. ಆದರೆ ಅದು ಮೀನು ಹಿಡಿಯುವ ವಿನೋದ. ಉಳಲು, ಹಾಲಿಗೆ ಬೇಕಾದ ದನಕ್ಕೆ ವೈದ್ಯ ದೊರೆಯಿತು; ಮೀನಿಗೆ ಗಾಳ ದೊರೆಯಿತು. ಮೀನಿನ ವೈದ್ಯವನ್ನು ನಾವು ಹೊಸದಾಗಿ ಕಲಿಯಬೇಕಾಗಿದೆ.

ನಾನು ಅದನ್ನು ಕಲಿತದ್ದು ಒಂದು ತಪ್ಪಿನಿಂದ. ಮೊಮ್ಮಗಳ ಹಟಕ್ಕೆ ಮಣಿದು ಎರಡಡಿ ಉದ್ದದ ತೊಟ್ಟಿಯನ್ನೂ ನಾಲ್ಕು ಗೋಲ್ಡ್‌ಫಿಷ್‌ಗಳನ್ನೂ ತಂದಿದ್ದೆವು. ಸಂಕ್ರಾಂತಿಯ ಆಸುಪಾಸಿನ ಚಳಿ. ಒಂದು ಸಂಜೆ ಆ ಹುಡುಗಿ, 'ತಾತ, ಮೀನು ಕಲ್ಲಿಗೆ ಮೈ ಉಜ್ಜಿಕೊಳ್ತಿದೆ ನೋಡು' ಎಂದಳು. 'ಆಟ ಆಡ್ತಿದೆ ಕಣಮ್ಮ' ಎಂದು ನಾನು ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತಲಿಲ್ಲ. ಎರಡು ದಿನ ಕಳೆದ ಮೇಲೆ ಮೀನುಗಳ ಮೈಮೇಲೆ ರವೆ ಉದುರಿಸಿದಂತೆ ಬಿಳಿಯ ಚುಕ್ಕೆಗಳು. ಗಾಬರಿಯಿಂದ ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ, ಕಲ್ಲುಗಳನ್ನೆಲ್ಲ ತಿಕ್ಕಿ ತೊಳೆದು, ನಲ್ಲಿಯ ನೀರನ್ನು ನೇರವಾಗಿ ತುಂಬಿದೆ. ಮರುದಿನದ ಹೊತ್ತಿಗೆ ಎರಡು ಮೀನು ಸತ್ತವು. ಅವನ್ನು ಕೊಂದದ್ದು ರೋಗವಲ್ಲ, ನನ್ನ ಚಿಕಿತ್ಸೆ. ಮೂಲವನ್ನು ಓದದೆ ವ್ಯಾಖ್ಯಾನಕ್ಕೆ ಕೈಹಾಕುವ ವಿದ್ಯಾರ್ಥಿಗಳನ್ನು ಮೂವತ್ತು ವರ್ಷ ಗದರಿದವನು ನಾನೇ ಆ ಕೆಲಸ ಮಾಡಿದ್ದೆ.

ಇಲ್ಲಿ ಮೂಲವೆಂದರೆ ನೀರು. ಮೀನು ಉಸಿರಾಡುವುದೂ ಅದರಲ್ಲಿ, ಉಣ್ಣುವುದೂ ಅದರಲ್ಲಿ, ವಿಸರ್ಜಿಸುವುದೂ ಅದರಲ್ಲಿಯೇ. ಮೀನಿನ ಕಿವಿರುಗಳಿಂದ ಹೊರಬೀಳುವ ಅಮೋನಿಯ ಒಂದು ವಿಷ. ಕೊಳೆತ ಆಹಾರ ಅದನ್ನು ಹೆಚ್ಚಿಸುತ್ತದೆ. ಕಲ್ಲು, ಮರಳು, ಸೋಸುಕಗಳ ಮೇಲೆ ನೆಲೆಸುವ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಅನಂತರ ಅಷ್ಟಾಗಿ ಹಾನಿಯಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಬಳಗ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ತೆಂಗಿನಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕುಳಿತಲ್ಲದೆ ಉಂಡೆ ಕೊಬ್ಬರಿ ಆಗುವುದಿಲ್ಲವೆಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ತೊಟ್ಟಿಯೂ ಹಾಗೆಯೇ ಮಾಗಬೇಕು. ಇಂದು ತೊಟ್ಟಿ ತಂದು ಇಂದೇ ಹತ್ತು ಮೀನು ಬಿಟ್ಟರೆ ಎರಡನೆಯ ವಾರದಲ್ಲಿ ಅವು ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯತೊಡಗುತ್ತವೆ. ಅದು ರೋಗವಲ್ಲ, ವಿಷಬಾಧೆ. ಆಗ ಬೇಕಾದುದು ಔಷಧಿಯಲ್ಲ. ಆಹಾರ ನಿಲ್ಲಿಸಿ ಕಾಲು ಭಾಗದಿಂದ ಅರ್ಧದಷ್ಟು ನೀರನ್ನು ಬದಲಿಸಬೇಕು, ಗಾಳಿಯ ಪಂಪನ್ನು ಜೋರು ಮಾಡಬೇಕು.

ಬದಲಿಸುವ ನೀರಿಗೂ ಎಚ್ಚರಿಕೆ ಬೇಕು. ನಲ್ಲಿಯ ನೀರಿನ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ಆ ಉಪಕಾರಿ ಬ್ಯಾಕ್ಟೀರಿಯಗಳನ್ನೂ ಕೊಲ್ಲುತ್ತದೆ. ನಾನು ಒಂದೇ ಏಟಿಗೆ ಎರಡು ಅನಾಹುತ ಮಾಡಿದ್ದೆನೆಂಬುದು ಈಗ ನಿಮಗೆ ತಿಳಿದಿರಬಹುದು. ಬ್ಲೀಚಿಂಗ್ ಪುಡಿ ಹಾಕಿದ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟರೆ ಕ್ಲೋರಿನ್ ಬಹುಪಾಲು ಹೋಗುತ್ತದೆ. ಹಿಂದೆ ಫೋಟೋ ಸ್ಟುಡಿಯೋಗಳಲ್ಲಿ ಬಳಸುತ್ತಿದ್ದ ಹೈಪೋ, ಅಂದರೆ ಸೋಡಿಯಂ ಥಯೊಸಲ್ಫೇಟಿನ ಹರಳು, ಅದನ್ನು ಕೂಡಲೇ ನಿವಾರಿಸುತ್ತದೆ. ಕೊಳವೆ ಬಾವಿಯ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ. ಅದು ಗಡಸಾಗಿದ್ದರೂ ಗೋಲ್ಡ್‌ಫಿಷ್, ಗಪ್ಪಿ, ಮೋಲಿಗಳು ಹೊಂದಿಕೊಳ್ಳುತ್ತವೆ. ನೀರು ಹಠಾತ್ತಾಗಿ ಬದಲಾಗಬಾರದು, ಅಷ್ಟೆ.

ಈಗ ರೋಗಗಳ ಮಾತು. ಎಲ್ಲಕ್ಕಿಂತ ಸಾಮಾನ್ಯವಾದುದು ನಮ್ಮ ಮನೆಗೆ ಬಂದ ಬಿಳಿಚುಕ್ಕೆ ರೋಗ. ಇದರ ಕಾರಣ ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್ ಎಂಬ ಏಕಕೋಶಜೀವಿ. 1876ರಲ್ಲಿ ಫೂಕೆ ಎಂಬ ವಿದ್ವಾಂಸ ಇಟ್ಟ ಈ ಹೆಸರಿನ ಅರ್ಥ 'ಬಹುಸಂತಾನದ ಮೀನುಹೇನು' ಎಂದು. ಹೆಸರಿನಲ್ಲೇ ಅದರ ಚರಿತ್ರೆಯಿದೆ. ಅದು ಮೀನಿನ ಚರ್ಮದೊಳಗೆ ಅಡಗಿ ಬೆಳೆಯುತ್ತದೆ, ಬಲಿತ ಮೇಲೆ ಉದುರಿ ತಳ ಸೇರುತ್ತದೆ, ಅಲ್ಲಿ ಕವಚ ಕಟ್ಟಿಕೊಂಡು ನೂರಾರು ಮರಿಗಳಾಗಿ ಒಡೆಯುತ್ತದೆ. ಈಜಿ ಹೊರಡುವ ಆ ಮರಿಗಳಿಗೆ ಒಂದೆರಡು ದಿನದೊಳಗೆ ಮೀನು ಸಿಕ್ಕದಿದ್ದರೆ ಅವು ಸಾಯುತ್ತವೆ. ಚರ್ಮದೊಳಗಿರುವಾಗ, ಕವಚದೊಳಗಿರುವಾಗ ಔಷಧಿ ಅದಕ್ಕೆ ತಟ್ಟದು. ಈಜುವ ಮರಿಗೆ ಮಾತ್ರ ತಟ್ಟುತ್ತದೆ. ಆದುದರಿಂದ ಚುಕ್ಕೆ ಮಾಯವಾಯಿತೆಂದು ಚಿಕಿತ್ಸೆ ನಿಲ್ಲಿಸುವುದು ದೊಡ್ಡ ತಪ್ಪು. ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ ಮುಂದುವರಿಸಬೇಕು. ನೀರನ್ನು ಹೀಟರಿನಿಂದ ನಿಧಾನವಾಗಿ 28 ಡಿಗ್ರಿಗೆ ಏರಿಸಿದರೆ ಜೀವಿಯ ಚಕ್ರ ಬೇಗ ತಿರುಗಿ ಚಿಕಿತ್ಸೆ ಬೇಗ ಮುಗಿಯುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆಯಾದ್ದರಿಂದ ಗಾಳಿ ಹೆಚ್ಚು ಕೊಡಬೇಕು.

ಇದರ ಅಗ್ಗದ ಮದ್ದು ಅಡುಗೆಮನೆಯ ಕಲ್ಲುಪ್ಪು. ಲೀಟರಿಗೆ 2ರಿಂದ 3 ಗ್ರಾಂ ಸಾಕು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ನೀರಿನ ಎತ್ತರವಿದ್ದರೆ ಸುಮಾರು 56 ಲೀಟರು. 110ರಿಂದ 170 ಗ್ರಾಂ ಉಪ್ಪು. ಅದನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ಒಂದು ದಿನದಲ್ಲಿ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು. ಉಪ್ಪು ಆವಿಯಾಗುವುದಿಲ್ಲ, ಆದುದರಿಂದ ಎಷ್ಟು ನೀರು ತೆಗೆದಿರೋ ಅಷ್ಟಕ್ಕೆ ಮಾತ್ರ ಮತ್ತೆ ಉಪ್ಪು. ಜಲಸಸ್ಯಗಳಿಗೂ ಹುರುಪೆಯಿಲ್ಲದ ಮೀಸೆ ಮೀನುಗಳಿಗೂ ಇದು ಒಗ್ಗದು. ಅಂಗಡಿಯ ಮಾಲಕೈಟ್ ಗ್ರೀನ್ ಕೂಡ ಕೆಲಸ ಮಾಡುತ್ತದೆ. ಆದರೆ ಅದು ವಿಷವಸ್ತು. ತಿನ್ನುವ ಮೀನಿಗೆ ನಿಷಿದ್ಧ. ಕೈಗೆ ಸೋಕದಂತೆ, ಅಳತೆ ಮೀರದಂತೆ ಬಳಸಬೇಕು.

ಎರಡನೆಯದು ರೆಕ್ಕೆ ಕೊಳೆ. ಬಾಲ, ಈಜುರೆಕ್ಕೆಗಳ ಅಂಚು ಮೊದಲು ಬೆಳ್ಳಗಾಗಿ ಆಮೇಲೆ ಹರಿದ ಬಟ್ಟೆಯಂತೆ ಚಿಂದಿಯಾಗುತ್ತದೆ. ಇದು ಬ್ಯಾಕ್ಟೀರಿಯಗಳ ಕೆಲಸ. ಅವಕ್ಕೆ ದಾರಿ ಬಿಡುವುದು ಕೊಳಕು ನೀರು. ಆರಂಭದಲ್ಲಿ ಹಲವು ದಿನ ಸ್ವಲ್ಪ ಸ್ವಲ್ಪ ನೀರು ಬದಲಿಸಿದರೆ ಎಷ್ಟೋ ಸಲ ರೆಕ್ಕೆ ತಾನೇ ಚಿಗುರುತ್ತದೆ. ಮೂರನೆಯದು ಬೂಸು. ಗಾಯದ ಮೇಲೆ ಹತ್ತಿ ಅಂಟಿಸಿದಂತೆ ಕಾಣುತ್ತದೆ. ಪೆಟ್ಟಿಲ್ಲದ ಮೈಗೆ ಇದು ಸಾಮಾನ್ಯವಾಗಿ ಹತ್ತುವುದಿಲ್ಲ. ಬಾಯಿಯ ಸುತ್ತ ಹತ್ತಿಯಂತಿದ್ದು ದಿನದಿನಕ್ಕೆ ಹರಡಿದರೆ ಅದು ಬೂಸಲ್ಲ, ಬ್ಯಾಕ್ಟೀರಿಯದ ಸೋಂಕೇ ಇರಬಹುದು, ಬಲ್ಲವರಿಗೆ ತೋರಿಸಬೇಕು. ಮನೆಯಲ್ಲಿ ಉಳಿದ ಟೆಟ್ರಾಸೈಕ್ಲಿನ್ ಗುಳಿಗೆ ಬಿಚ್ಚಿ ನೀರಿಗೆ ಸುರಿಯುವುದು ಸಲ್ಲದು. ಅದು ತೊಟ್ಟಿಯ ಉಪಕಾರಿ ಬಳಗಕ್ಕೆ ಹಾನಿ ಮಾಡಬಹುದು. ಉಳಿದ ರೋಗಾಣುಗಳನ್ನು ಮೊಂಡಾಗಿಸುತ್ತದೆ.

ಹೊಟ್ಟೆ ಉಬ್ಬಿ ಹುರುಪೆಗಳೆಲ್ಲ ಬಿಟ್ಟುಕೊಂಡು ಮೇಲೆದ್ದರೆ ಅದು ಜಲೋದರ. ಆ ವೇಳೆಗೆ ಒಳಗಿನ ಅಂಗಗಳು ಕೆಟ್ಟಿರುತ್ತವೆ; ಬದುಕುವ ಆಸೆ ಕಡಿಮೆ. ಆ ಮೀನನ್ನು ಬೇರ್ಪಡಿಸುವುದೇ ಮೊದಲ ಕರ್ತವ್ಯ. ಆದರೆ ಗೋಲ್ಡ್‌ಫಿಷ್ ಬರಿದೆ ತಲೆಕೆಳಗಾಗಿ ತೇಲುತ್ತಿದ್ದರೆ ಎದೆಗುಂದಬೇಡಿ. ಅನೇಕ ವೇಳೆ ಅದು ಅತಿಯಾಗಿ ತಿಂದ ಫಲ. ಎರಡು ಮೂರು ದಿನ ಉಪವಾಸ, ಆಮೇಲೆ ಬೇಯಿಸಿ ಸಿಪ್ಪೆ ಸುಲಿದ ಬಟಾಣಿಯ ಚೂರು. ಮೀನು ಹಸಿವಿನಿಂದ ಸಾಯುವುದಕ್ಕಿಂತ ನಮ್ಮ ಪ್ರೀತಿಯಿಂದ ಸಾಯುವುದೇ ಹೆಚ್ಚು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕಿದರೆ ಸಾಕು.

ಹೊಸ ಮೀನನ್ನು ತಂದಾಗ ನೇರವಾಗಿ ತೊಟ್ಟಿಗೆ ಬಿಡದೆ ಮೂರು ನಾಲ್ಕು ವಾರ ಬೇರೆ ಪಾತ್ರೆಯಲ್ಲಿಟ್ಟು ನೋಡಬೇಕು. ರೋಗಗಳು ಹೇಗೆ ಪಯಣಿಸುತ್ತವೆಂಬುದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನವಿದೆ. ಮೈಯೆಲ್ಲ ಹುಣ್ಣಾಗಿಸುವ ಒಂದು ಮೀನುರೋಗ 1988ರಲ್ಲಿ ಈಶಾನ್ಯ ರಾಜ್ಯಗಳನ್ನು ಹೊಕ್ಕು 1991ರ ಹೊತ್ತಿಗೆ ಕೇರಳವನ್ನು ಮುಟ್ಟಿತು. ಕೆರೆ ಕೊಳಗಳಲ್ಲಿ ಅದಕ್ಕೆ ಮಾಡಿದ ಮುಖ್ಯ ಉಪಾಯಗಳಲ್ಲೊಂದು ಸುಣ್ಣ ಹಾಕುವುದು. ಅಲ್ಲಿಯೂ ಚಿಕಿತ್ಸೆ ನೀರಿಗೇ ಎಂಬುದನ್ನು ಗಮನಿಸಬೇಕು. ಆದುದರಿಂದ ಬೇಡವಾದ ಮೀನನ್ನಾಗಲಿ ತೊಟ್ಟಿಯ ನೀರನ್ನಾಗಲಿ ಊರ ಕೆರೆಗೆ ಬಿಡಬೇಡಿ. ಔಷಧಿ ಬೆರೆಸದ ಹಳೆಯ ನೀರಿದ್ದರೆ ತೆಂಗಿನ ಬುಡಕ್ಕೆ ಹಾಕಿ. ಅದರಲ್ಲಿ ಉಪ್ಪಿದ್ದರೂ ಚಿಂತೆಯಿಲ್ಲ. ತೆಂಗಿನ ಬುಡಕ್ಕೆ ಉಪ್ಪು ಹಾಕುವುದು ನಮ್ಮ ಹಿರಿಯರ ರೂಢಿಯೇ ಅಲ್ಲವೆ?

ನಮ್ಮ ಮನೆಯಲ್ಲಿ ಉಳಿದ ಎರಡು ಮೀನುಗಳು ಉಪ್ಪಿನಿಂದಲೂ ತಾಳ್ಮೆಯಿಂದಲೂ ಗುಣವಾದವು. ಈಗ ಪ್ರತಿದಿನ ಸಂಜೆ ಐದು ನಿಮಿಷ ನಾನೂ ಮೊಮ್ಮಗಳೂ ತೊಟ್ಟಿಯ ಮುಂದೆ ಕೂರುತ್ತೇವೆ. ರೆಕ್ಕೆ ಬಿಚ್ಚಿದೆಯೆ, ಮುದುಡಿದೆಯೆ. ಕಿವಿರು ಎಷ್ಟು ವೇಗವಾಗಿ ಆಡುತ್ತಿದೆ. ಉಣ್ಣಲು ಎಲ್ಲವೂ ಬಂದವೆ, ಒಂದು ಹಿಂದುಳಿಯಿತೆ. ಕಲ್ಲಿಗೆ ಮೈ ಉಜ್ಜುತ್ತಿದೆಯೆ. ಮೊದಲು ಹೇಳುವವಳು ಈಗಲೂ ಅವಳೇ. ವ್ಯತ್ಯಾಸವೆಂದರೆ, ಅವಳು ಹೇಳಿದೊಡನೆ ನಾನು ಪುಸ್ತಕ ಮುಚ್ಚಿ ಎದ್ದು ಬರುತ್ತೇನೆ.



(ಆಕಾಶವಾಣಿ ಭಾಷಣ)